ಕುರಿಮರಿಯ ಕಿಟಕಿ

ಬೆಟಗೇರಿಯಲ್ಲಿ ಬಣ್ಣದವರ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ದುರ್ಗೇಶನ ಮನೆಯನ್ನೇ ತೋರಿಸುತ್ತಾರೆ. ಅವನ ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದ, ಅಪ್ಪ ಯಮನೂರಪ್ಪನೂ ಬಣ್ಣ ಹಾಕಿಯೇ ಮುದುಕನಾದ. ನೇಕಾರರು ಹಳೆಯ ಸೀರೆಯ ಚೂರೊಂದನ್ನು ತಂದು ಇಂಥದೇ ಕೆಂಪು ಬೇಕು ಎಂದರೆ ಮರುದಿನ ಹಂಡೆಯಿಂದ ಅಂಥದೇ ಕೆಂಪು ಮೇಲೇಳುತ್ತಿತ್ತು. ಇಂಥ ಮನೆಯಲ್ಲಿ ಹುಟ್ಟಿದ ದುರ್ಗೇಶನಿಗೆ ಕೆಂಪು ಯಾವುದು, ಹಸಿರು ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ಎರಡೂ ಅವನ ಕಣ್ಣಿಗೆ ಹಳೆಯ ಹುಣಸೆಹಣ್ಣಿನ ಬಣ್ಣ. ಹಳದಿ ಕಾಣುತ್ತಿತ್ತು, ನೀಲಿ ಕಾಣುತ್ತಿತ್ತು, ಉಳಿದದ್ದೆಲ್ಲ ಅಂದಾಜು.

ಈ ಸಂಗತಿ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ತಬಲಾ ಬಾರಿಸುವ ದುರ್ಗೇಶ ಅದಕ್ಕಿಂತ ಹೆಚ್ಚು ರಿಯಾಜು ಮಾಡಿದ್ದು ಇದನ್ನು ಮುಚ್ಚಿಡುವುದರಲ್ಲಿ. ಗದಗಿನ ಸಿಗ್ನಲ್ಲಿನಲ್ಲಿ ದೀಪ ಮೇಲಿನದೋ ಕೆಳಗಿನದೋ ಎಂದು ನೋಡಿ ಬೈಕು ಬಿಡುತ್ತಿದ್ದ. ಸಂತೆಯಲ್ಲಿ ಟೊಮೆಟೊವನ್ನು ಒತ್ತಿ ನೋಡಿ ಆರಿಸುತ್ತಿದ್ದ. ಸೀರೆ ಅಂಗಡಿಯಲ್ಲಿ ಹೆಂಡತಿ ನೀಲಾ ಎರಡು ಸೀರೆ ಹಿಡಿದು ಯಾವುದು ಎಂದು ಕೇಳಿದರೆ, ನಿನ್ನ ಮನಸ್ಸಿಗೆ ಬಂದದ್ದೇ ಚೆಂದ ಎನ್ನುತ್ತಿದ್ದ. ಇಂಥ ಗಂಡ ಸಿಗುವುದು ಅಪರೂಪ ಎಂದು ಆಕೆ ಓಣಿಯ ಹೆಂಗಸರ ಮುಂದೆ ಹೇಳಿಕೊಂಡಿದ್ದೂ ಉಂಟು.

ಮುಚ್ಚಿಡಲು ಕಾರಣವಿತ್ತು. ದುರ್ಗೇಶನ ಹದಿನೈದನೆಯ ವಯಸ್ಸಿನಲ್ಲಿ ಅಪ್ಪ ಲಕ್ಷ್ಮೇಶ್ವರಕ್ಕೆ ಯಾರದೋ ಮದುವೆಗೆ ಹೋದಾಗ ಹಂಡೆ ನೋಡಿಕೊಳ್ಳುವ ಕೆಲಸ ಇವನ ಪಾಲಿಗೆ ಬಂತು. ಬಣ್ಣದ ಪುಡಿಯ ಡಬ್ಬಿಗಳನ್ನು ಹಲಗೆಯ ಮೇಲೆ ಇಟ್ಟ ಜಾಗದಿಂದಲೇ ಗುರುತು ಹಿಡಿಯುತ್ತಿದ್ದ. ಆ ದಿನ ಕಸ ಗುಡಿಸುವಾಗ ಅವ್ವ ಡಬ್ಬಿಗಳ ಜಾಗ ಬದಲಿಸಿದ್ದಳು. ಹಸಿರಿನ ಹಂಡೆಗೆ ಕೆಂಪು ಬಿತ್ತು, ಅರವತ್ತು ಲಡಿ ನೂಲು ಕೆಸರಿನ ಬಣ್ಣಕ್ಕೆ ತಿರುಗಿತು. ಅಪ್ಪ ನಾಲ್ಕು ಜನ ನೇಕಾರರ ಎದುರು ಕೆನ್ನೆಗೆ ಹೊಡೆದು, ಕಣ್ಣು ಎಲ್ಲಿ ಇಟ್ಟಿದ್ದೆ ಎಂದು ಕೇಳಿದ. ಖರೆ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹುಡುಗ ಹೇಳಲಿಲ್ಲ. ಬಣ್ಣದವರ ಮನೆಯಲ್ಲಿ ಬಣ್ಣ ಕಾಣದವನು ಎನ್ನಿಸಿಕೊಳ್ಳುವುದಕ್ಕಿಂತ ಲಕ್ಷ್ಯವಿಲ್ಲದ ದಂಡಪಿಂಡ ಎನ್ನಿಸಿಕೊಳ್ಳುವುದೇ ವಾಸಿ ಎಂದು ಅವನಿಗೆ ಅನ್ನಿಸಿತು. ಆ ಹೆಸರನ್ನೇ ಹೊತ್ತುಕೊಂಡು ತಬಲಾ ಕಲಿಯಲು ಹೋದ.

ಮುಂದೆ ಅವನಿಗೆ ಸಿಕ್ಕವರು ಅಂದಪ್ಪ ಗವಾಯಿ. ಮುಂಡರಗಿ ಕಡೆಯವರು, ಆರನೆಯ ವರ್ಷಕ್ಕೆ ಸಿಡುಬು ಬಂದು ಎರಡೂ ಕಣ್ಣು ಹೋದವರು, ಹಾರ್ಮೋನಿಯಂ ಮುಂದೆ ಕುಳಿತರೆ ಎದುರಿದ್ದವರ ಉಸಿರು ಹಿಡಿದಿಡುವವರು. ಹನ್ನೊಂದು ವರ್ಷದಿಂದ ದುರ್ಗೇಶ ಅವರಿಗೆ ತಬಲಾ ಸಾಥಿ, ದಾರಿ ತೋರಿಸುವವನು, ಅಂಗಿ ಆರಿಸುವವನು. ಗವಾಯಿಗಳ ಬಲಗೈ ಅವನ ಎಡಭುಜದ ಮೇಲೆ ಇದ್ದೇ ಇರುತ್ತಿತ್ತು. ಮೆಟ್ಟಿಲು ಬಂದರೆ ಇವನು ಬಾಯಲ್ಲಿ ಹೇಳುತ್ತಿರಲಿಲ್ಲ, ಎಷ್ಟು ಮೆಟ್ಟಿಲೋ ಅಷ್ಟು ಸಲ ಅವರ ಬೆರಳ ಮೇಲೆ ತನ್ನ ಬೆರಳು ತಟ್ಟುತ್ತಿದ್ದ. ಯಾರದಾದರೂ ಮುಖ, ಯಾವುದಾದರೂ ಗುಡಿಯ ಕೆತ್ತನೆ ಬೇಕೆಂದರೆ ಅವರ ಅಂಗೈ ಬಿಡಿಸಿ ಅದರ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ.

ಗವಾಯಿಗಳಿಗೆ ಒಂದು ಮಾತು ಕಂಡರೆ ಆಗುತ್ತಿರಲಿಲ್ಲ. ಕಣ್ಣಿಲ್ಲದಿದ್ದರೂ ಎಷ್ಟು ಚೆಂದ ಹಾಡುತ್ತಾರೆ, ಪಾಪ, ಎಂಬ ಮಾತು. ಸನ್ಮಾನದಲ್ಲಿ ಯಾರಾದರೂ ಹಾಗೆಂದರೆ ಹೆಗಲ ಮೇಲಿನ ಶಾಲು ತೆಗೆದು ಮಡಿಸಿ ಇಟ್ಟು ಎದ್ದುಬಿಡುತ್ತಿದ್ದರು. ಹಾಗಾಗಿಯೇ ಬೆಟಗೇರಿಯ ಹಳೆಯ ಚರ್ಚೊಂದರ ಸಭಾಪಾಲಕರು ಮನೆಗೆ ಬಂದು ಕೇಳಿದ ಕೆಲಸ ಅವರಿಗೆ ಬಹಳ ಹಿಡಿಸಿತು. ಚರ್ಚಿನ ಪಡುವಣ ಗೋಡೆಯಲ್ಲಿ ಬಣ್ಣದ ಗಾಜಿನ ಮೂರು ಕಿಟಕಿಗಳಿದ್ದವು, ಅವನ್ನು ಕೂರಿಸಿ ಆಗ ನೂರು ವರ್ಷ ತುಂಬುತ್ತಿತ್ತು. ಒಂದೊಂದು ಕಿಟಕಿಗೂ ಒಂದೊಂದು ರಾಗ ಬೇಕು, ಮಾತು ಬೇಡ. ಸಂಜೆ ಬಿಸಿಲು ಗಾಜಿಗೆ ಬಿದ್ದಾಗ ಗವಾಯಿಗಳು ಬಾರಿಸಬೇಕು, ಜನ ಕಿಟಕಿ ನೋಡುತ್ತ ಕೇಳಬೇಕು. ಸಭಾಪಾಲಕರು ಹೋದ ಮೇಲೆ ಗವಾಯಿಗಳು ಸಣ್ಣ ಹುಡುಗನಂತೆ ತೊಡೆ ತಟ್ಟಿಕೊಂಡರು.

“ಇಷ್ಟು ವರ್ಷ ಎಲ್ಲಾರೂ ನನ್ನ ಕಡೆ ಕೇಳೂ ಕೆಲಸಕ್ಕ ಬಂದ್ರು. ನೋಡೂ ಕೆಲಸಕ್ಕ ಬಂದಾವ ಇವನ ಒಬ್ಬ ನೋಡು.”

ಕಿಟಕಿಯಲ್ಲಿ ಏನಿದೆ ಎಂದು ತಿಳಿಸಲು ತಮ್ಮ ಸಭೆಯ ರೂತವ್ವ ಎಂಬ ಹಿರಿಯಳನ್ನು ಕಳಿಸುತ್ತೇನೆ ಎಂದು ಸಭಾಪಾಲಕರು ಹೇಳಿದ್ದರು. ಹುಟ್ಟಿದಾಗಿನಿಂದ ಅದೇ ಚರ್ಚಿನಲ್ಲಿ ಬೆಳೆದ ಹೆಂಗಸು, ಗಾಜಿನ ಚೂರು ಚೂರೂ ಬಲ್ಲವಳು. ಗವಾಯಿಗಳು ನಕ್ಕು, ನನ್ನ ಕಣ್ಣು ದುರ್ಗೇಶನ ಹತ್ತಿರ ಅದಾವು, ಮತ್ತೊಬ್ಬರು ಯಾಕೆ ಎಂದುಬಿಟ್ಟಿದ್ದರು. ಆಗಲಾದರೂ ದುರ್ಗೇಶ ರೂತವ್ವ ಬರಲಿ ಎನ್ನಬಹುದಿತ್ತು. ಆ ಭಂಡ, ತೊಂದರೆ ಯಾಕೆ, ನಾನೇ ಹೇಳುತ್ತೇನೆ ಎಂದಿದ್ದ. ಗುರುಗಳು ಸಭಾಪಾಲಕರ ಎದುರು ಅಷ್ಟು ಹೆಮ್ಮೆಯಿಂದ ಹೇಳಿದ ಮೇಲೆ ಹಿಂಜರಿಯುವುದು ಅವನಿಂದ ಆಗಲಿಲ್ಲ.

ಒಂದು ಬುಧವಾರ ಸಂಜೆ ಇಬ್ಬರೂ ಹೋದರು. ಕೀಲಿ ತೆಗೆದುಕೊಟ್ಟವನು ಹೊರಗೆ ಕಟ್ಟೆಯ ಮೇಲೆ ಕುಳಿತ. ಗವಾಯಿಗಳು ಮೊದಲ ಕಿಟಕಿಯ ಕೆಳಗೆ ನಿಂತು ಅಂಗೈ ಚಾಚಿದರು. ದೇವರು ದೊಡ್ಡವನು, ಅದರಲ್ಲಿ ಇದ್ದದ್ದು ನೀಲಿ ಕೆರೆ, ಹಳದಿ ಹಾಯಿಯ ದೋಣಿ. ದುರ್ಗೇಶ ಅಲೆ ಅಲೆಯಾಗಿ ಗೆರೆ ಎಳೆದ, ನೀಲಿ ಎಲ್ಲಿ ಕಡುವಾಗಿದೆ, ಎಲ್ಲಿ ತಿಳಿಯಾಗಿದೆ ಎಂದು ಬಿಡಿಸಿ ಹೇಳಿದ. ಎರಡನೆಯದರಲ್ಲಿ ನೀಲಿ ಆಕಾಶ, ನಡುವೆ ಹಳದಿ ನಕ್ಷತ್ರ. ಅದೂ ಸುಸೂತ್ರವಾಯಿತು. ಮೂರನೆಯ ಕಿಟಕಿಯ ಎದುರು ಬಂದಾಗ ಅವನ ಬೆರಳು ಅಂಗೈ ಮೇಲೆಯೇ ನಿಂತಿತು.

ಹಳದಿ ಗಾಜಿನ ನಡುವೆ ಒಂದು ಬಿಳಿ ಕುರಿಮರಿ ತಲೆ ಬಾಗಿಸಿ ಮಲಗಿತ್ತು. ಅದರ ಎದೆಯಿಂದ ಕೆಳಗಿನ ಒಂದು ಪಾತ್ರೆಯವರೆಗೆ ಏನೋ ಬಳುಕುತ್ತ ಇಳಿದಿತ್ತು, ಇಲ್ಲವೇ ಪಾತ್ರೆಯಿಂದ ಎದೆಯವರೆಗೆ ಏರಿತ್ತು. ಅದರ ಬಣ್ಣ ಹುಣಸೆಹಣ್ಣಿನದು. ಕೆಂಪೋ, ಹಸಿರೋ ಎಂದು ಅವನು ಕಣ್ಣು ಕಿರಿದು ಮಾಡಿ ನೋಡಿದ, ಪಕ್ಕಕ್ಕೆ ಸರಿದು ನೋಡಿದ. ಹೊರಗೆ ಕುಳಿತವನನ್ನು ಕೇಳೋಣವೆಂದರೆ ಗುರುಗಳ ಕಿವಿ ಸೂಕ್ಷ್ಮ. ಕೊನೆಗೆ ಜೀವಮಾನವಿಡೀ ಮಾಡಿದ್ದನ್ನೇ ಮಾಡಿದ. ಪಾತ್ರೆ ಎಂದರೆ ಕುಂಡ, ಕುಂಡದಿಂದ ಏಳುವುದು ಬಳ್ಳಿ, ಬಳ್ಳಿ ಎಂದರೆ ಹಸಿರು, ಕುರಿಮರಿ ತಲೆ ಬಾಗಿಸುವುದು ಮೇಯಲು ಎಂದು ಲೆಕ್ಕ ಹಾಕಿದ. ಹಾಗೆಯೇ ಅಂಗೈ ಮೇಲೆ ಬರೆದ.

ಗವಾಯಿಗಳ ಮುಖ ಅರಳಿತು. ಎಂಥ ಹಸಿರು ಎಂದು ಕೇಳಿದರು. ಸುಲಗಾಯಿ ಹೊಲದಂಥ, ಹಸಿ ಕಡಲೆಯ ಹೊಲದಂಥ ಹಸಿರು ಎಂದು ದುರ್ಗೇಶ ಹೇಳಿದ, ಬೇರೆಯವರ ಬಾಯಲ್ಲಿ ಕೇಳಿದ ಮಾತು ಅದು. ಕಣ್ಣು ಹೋಗುವ ಮುಂಚೆ ಕಂಡ ಎರಡೇ ಬಣ್ಣ ತಮಗೆ ಇನ್ನೂ ನೆನಪಿವೆ ಎಂದರು ಗವಾಯಿಗಳು. ಒಂದು ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪು, ಇನ್ನೊಂದು ಕಡಲೆ ಹೊಲದ ಹಸಿರು. ಮನೆಗೆ ಬರುವ ತನಕ ಆಟೋದಲ್ಲಿ ಬಹಾರ ರಾಗವನ್ನು ಗುನುಗಿದರು, ಚಿಗುರುವ ಕಾಲದ ರಾಗ ಅದು, ಕುಣಿಯುವ ರಾಗ.

ಜನವರಿಯ ಒಂದು ಆದಿತ್ಯವಾರ ಸಂಜೆ ಐದಕ್ಕೆ ಚರ್ಚು ತುಂಬಿತ್ತು. ಗವಾಯಿಗಳು ದೋಣಿಯ ಕಿಟಕಿಗೆ ಬಾರಿಸಿದಾಗ ಮುಂದಿನ ಸಾಲಿನ ಮಕ್ಕಳು ತಮಗೇ ತಿಳಿಯದೆ ಅತ್ತಿತ್ತ ತೂಗಿದವು. ನಕ್ಷತ್ರದ ಕಿಟಕಿಗೆ ಬಾರಿಸಿದಾಗ ಸಭಾಪಾಲಕರು ಕಣ್ಣೊರೆಸಿಕೊಂಡರು. ದುರ್ಗೇಶನಿಗೂ ಧೈರ್ಯ ಬಂತು. ಮೂರನೆಯದಕ್ಕೆ ಬಹಾರ ಎದ್ದಿತು, ಇವನು ತಬಲಾದ ಮೇಲೆ ದ್ರುತ್ ಲಯ ಹಿಡಿದ, ಮರಿಯೊಂದು ಜಿಗಿದಾಡಿದಂತೆ ಬೆರಳು ಓಡಿಸಿದ.

ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಜನರ ಮುಖ ಕಂಡಿತು. ಯಾರೂ ತೂಗುತ್ತಿರಲಿಲ್ಲ. ಕೆಲವರು ಕಿಟಕಿ ನೋಡುತ್ತಿದ್ದರು, ಗವಾಯಿಗಳನ್ನು ನೋಡುತ್ತಿದ್ದರು, ಮತ್ತೆ ಕಿಟಕಿ ನೋಡುತ್ತಿದ್ದರು. ಆ ಗಾಜಿನ ಬೆಳಕು ಬೀಳುವ ಬೆಂಚಿನಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ಕುಳಿತಿದ್ದಳು. ಅವಳೇ ರೂತವ್ವ. ಇದ್ದೊಬ್ಬ ಮಗ ತೀರಿಹೋದ ಮೇಲೆ ಆರು ವರ್ಷದಿಂದ ಆಕೆ ಬೇರೆ ಜಾಗದಲ್ಲಿ ಕೂತದ್ದಿಲ್ಲ ಎಂಬುದು ದುರ್ಗೇಶನಿಗೆ ತಿಳಿದದ್ದು ಆಮೇಲೆ. ಆಕೆ ಕೋಲು ಹಿಡಿದು ಎದ್ದಳು. ಕುಣಿಯುವ ತಬಲಾದ ನಡುವೆ ಕೋಲಿನ ಸಪ್ಪಳ ಬಾಗಿಲಿನ ತನಕ ಹೋಯಿತು, ಹೊರಗೂ ಹೋಯಿತು. ಗವಾಯಿಗಳ ತಲೆ ಆ ಸಪ್ಪಳದ ಕಡೆಗೆ ತಿರುಗಿದ್ದನ್ನು ದುರ್ಗೇಶ ನೋಡಿದ. ಏನೋ ಕೆಟ್ಟಿದೆ ಎಂದು ಅವನಿಗೆ ಗೊತ್ತಾಯಿತು, ಏನು ಕೆಟ್ಟಿದೆ ಎಂಬುದೂ ಗೊತ್ತಾಯಿತು. ಬೆರಳುಗಳು ಮಾತ್ರ ನಾಚಿಕೆ ಬಿಟ್ಟು ಓಡುತ್ತಲೇ ಇದ್ದವು.

ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಸಭಾಪಾಲಕರು ಹತ್ತಿರ ಬಂದು ಬಾಗಿ, ದನಿ ತಗ್ಗಿಸಿ ಹೇಳಿದರು.

“ಗವಾಯಿಗಳ, ಆ ಕುರಿಮರಿ ಅಂದ್ರ ಯೇಸುಸ್ವಾಮಿರಿ. ಎದಿಯಿಂದ ರಕ್ತ ಹರಿದು ಬಟ್ಟಲದಾಗ ಬೀಳಾಕ್ಹತ್ತೈತಿ. ಅದು ಸಾವಿನ ಕಿಟಕಿರಿ.”

ಗವಾಯಿಗಳ ಎಡಗೈ ಹಾರ್ಮೋನಿಯಂನ ತಿದಿಯ ಮೇಲೆ ಹಾಗೆಯೇ ನಿಂತಿತು. ಅವರು ದುರ್ಗೇಶನ ಕಡೆ ಮುಖ ಮಾಡಲಿಲ್ಲ. ಎದ್ದು ನಿಂತು ಜನರಿಗೆ ಕೈ ಮುಗಿದರು.

“ತಪ್ಪು ನಂದರಿ. ನನ್ನ ಹುಡುಗ ಸರಿಯಾಗೇ ಹೇಳಿದ್ದ. ಕಣ್ಣಿಲ್ಲದಾವ ನಾನು, ನನಗ ತಿಳೀಲಿಲ್ಲ.”

ಆಗ ಎದ್ದಿತು ನೋಡಿ ಆ ಮಾತು, ಸಾಲಿನಿಂದ ಸಾಲಿಗೆ, ಪಿಸುಪಿಸು ಎಂದು: ಪಾಪ, ಕಣ್ಣಿಲ್ಲ, ಏನು ಮಾಡಿಯಾರು, ಪಾಪ. ಜನ ಕೂಡಲೇ ಕ್ಷಮಿಸಿದರು, ಚಪ್ಪಾಳೆಯನ್ನೂ ತಟ್ಟಿದರು. ಒಬ್ಬ ಹೆಂಗಸು ಬಂದು ಗವಾಯಿಗಳ ಕೈ ಸವರಿ ಹೋದಳು. ಜೀವಮಾನವಿಡೀ ಯಾವ ಮಾತಿಗೆ ಶಾಲು ಮಡಿಸಿ ಎದ್ದು ಬಂದಿದ್ದರೋ ಅದನ್ನು ಅವರು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ದುರ್ಗೇಶ ಮೂರು ಮೊಳ ದೂರದಲ್ಲಿ ಕುಳಿತು ತಬಲಾಕ್ಕೆ ಗವಸು ಹಾಕುತ್ತಿದ್ದ. ಒಂದು ಮಾತು ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಗವಸಿನ ದಾರವನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿದ.

ಮನೆಯ ಮುಂದೆ ಆಟೋ ಇಳಿದಾಗ ಗವಾಯಿಗಳು ಅವನ ಭುಜ ಹಿಡಿಯಲಿಲ್ಲ. ಗೋಡೆ ಸವರಿಕೊಂಡು ಬಾಗಿಲು ಹುಡುಕಿದರು. ಹೇಳಿ ಕಳಿಸುವ ತನಕ ಬರಬೇಡ ಎಂದಷ್ಟೇ ಹೇಳಿ ಒಳಗೆ ಹೋದರು.

ಎರಡು ದಿನ ದುರ್ಗೇಶನಿಗೆ ಅನ್ನ ಸೇರಲಿಲ್ಲ. ಎಡಭುಜ ಹಗುರಾಗಿತ್ತು, ಆ ಹಗುರವೇ ಅವನಿಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಯಾರೂ ಹೇಳಿ ಕಳಿಸದಿದ್ದರೂ ಹೋದ. ಗವಾಯಿಗಳು ಜಗುಲಿಯ ಮೇಲೆ ಕುಳಿತಿದ್ದರು, ಹೆಜ್ಜೆಯ ಮೇಲೇ ಗುರುತು ಹಿಡಿದರು. ನೋಡದೆಯೇ ಹೇಳಿದೆಯಾ, ಅಷ್ಟು ಬೇಸರವಾಗಿತ್ತೇ ನನ್ನ ಚಾಕರಿ ಎಂದು ಕೇಳಿದರು. ದುರ್ಗೇಶ ಕೆಳಗಿನ ಮೆಟ್ಟಿಲ ಮೇಲೆ ಕುಳಿತ. ಇಪ್ಪತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು ಹೊರಬರುವಾಗ ಬಹಳ ಸಣ್ಣದಾಗಿತ್ತು.

“ನೋಡೀನ್ರಿ ಗುರುಗಳ. ಆದ್ರ ನನಗ ಕೆಂಪು ಕಾಣೂದಿಲ್ಲ. ಹಸಿರೂ ಕಾಣೂದಿಲ್ಲ. ಎರಡೂ ಒಂದ ಕಾಣ್ತಾವು. ಹುಟ್ಟಿದಾಗಿಂದ.”

ಗವಾಯಿಗಳು ತಮ್ಮ ಅಂಗಿಯ ತೋಳನ್ನು ಹಿಡಿದು, ಹಾಗಾದರೆ ಇಷ್ಟು ವರ್ಷ ಇವನ್ನೆಲ್ಲ ಆರಿಸಿದವರು ಯಾರು ಎಂದು ಕೇಳಿದರು. ನಾನೇ ಎಂದ ದುರ್ಗೇಶ. ಅವರ ತುಟಿಯ ಮೇಲೆ ನಗು ಬಂದಂತಾಗಿ ಹೋಯಿತು. ಅದು ಹೋದ ಮೇಲೆ ಉಳಿದ ಮುಖವನ್ನು ದುರ್ಗೇಶನಿಂದ ನೋಡಲಾಗಲಿಲ್ಲ.

“ಯಾರ ಮುಂದರ ನಾಚ್ಕೋ. ಕುರುಡನ ಮುಂದ ಯಾಕ ನಾಚ್ಕೊಂಡ್ಯೋ?”

ಕಣ್ಣಿಲ್ಲದ ಮನುಷ್ಯ ತನ್ನ ಕುರುಡನ್ನು ಹಗಲು ಬೆಳಕಿನಲ್ಲಿ ಹೊತ್ತುಕೊಂಡು ಊರೂರು ತಿರುಗಿದ್ದ, ದುರ್ಗೇಶ ತನ್ನ ಪಾಲಿನ ಚೂರನ್ನು ಬಚ್ಚಿಟ್ಟುಕೊಂಡು ಅವನ ಪಕ್ಕದಲ್ಲೇ ನಡೆದಿದ್ದ. ಗವಾಯಿಗಳು ಮತ್ತೆ ಮಾತಾಡಿದಾಗ ಸಿಟ್ಟಿರಲಿಲ್ಲ.

“ಅವತ್ತು ಮಂದಿ ಕೊಟ್ಟ ಮರುಕಾನ ನಾ ಹೊತ್ತುಕೊಂಡು ಮನಿಗೆ ಬಂದೆ. ಅದು ನಂದಲ್ಲ, ನಿಂದು. ಬರೂ ಆದಿತ್ಯವಾರ ಹೋಗಿ ನಿಂತು ಇಸ್ಕೊ.”

ಆ ರಾತ್ರಿ ಅವನು ನೀಲಾಳಿಗೆ ಹೇಳಿದ. ಆಕೆ ಸ್ವಲ್ಪ ಹೊತ್ತು ತನ್ನ ಮದುವೆಯ ಫೋಟೋ ನೋಡಿದಳು, ಆಮೇಲೆ ಆ ಸೀರೆಯ ಬಣ್ಣ ಯಾವುದು ಹೇಳಿ ನೋಡೋಣ ಎಂದಳು. ಅವನು ಹೇಳಿದ್ದು ತಪ್ಪಾಯಿತು. ಆಕೆ ನಗಲಿಲ್ಲ, ಎಂಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಅಪ್ಪನಿಗೆ ಹೇಳಲು ಹೋಗಿ ಹಂಡೆಯ ಮುಂದೆ ನಿಂತು, ಹೇಳದೆ ಮರಳಿದ. ಆದಿತ್ಯವಾರ ಕಳೆದರೆ ಸುದ್ದಿ ತಾನಾಗಿ ಅಪ್ಪನಿಗೆ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ಸಭೆಯಲ್ಲಿ ನೇಕಾರರ ಮನೆಯವರೇ ಹೆಚ್ಚು, ಅವರಿಗೆಲ್ಲ ಯಮನೂರಪ್ಪನ ಹಂಡೆಯ ಬಣ್ಣ ಬೇಕು.

ಆದಿತ್ಯವಾರ ಸಂಜೆ, ಗವಾಯಿಗಳು ಮೊದಲೇ ಹೇಳಿಟ್ಟಂತೆ, ಇಬ್ಬರೂ ವಾದ್ಯ ತೆಗೆದುಕೊಂಡು ಚರ್ಚಿಗೆ ಹೋದರು. ಸಭಾಪಾಲಕರು ಕರೆದಾಗ ದುರ್ಗೇಶ ಎದ್ದು ನಿಂತ. ಯಾವ ಮುಖವನ್ನೂ ನೋಡಲಾರದೆ ಗಂಟೆಯ ಹಗ್ಗ ನೋಡುತ್ತ ಹೇಳಿದ. ತಾನು ಬಣ್ಣದ ಯಮನೂರಪ್ಪನ ಮಗ, ತನಗೆ ಕೆಂಪು ಹಸಿರು ಗೊತ್ತಾಗುವುದಿಲ್ಲ, ರಕ್ತವನ್ನು ಬಳ್ಳಿ ಎಂದು ಹೇಳಿದವನು ತಾನೇ, ಗುರುಗಳು ಸುಳ್ಳು ಹೇಳಿ ತನ್ನನ್ನು ಉಳಿಸಿದರು, ತಾನು ಸುಮ್ಮನೆ ಕೂತು ಮಾನ ಉಳಿಸಿಕೊಂಡೆ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಮನೂರಪ್ಪನ ಮಗನೇ ಎಂದು ಮತ್ತೊಬ್ಬರು ಕೇಳಿದ್ದು ಕೇಳಿಸಿತು. ಆಗ ಕೋಲಿನ ಸಪ್ಪಳ ಹತ್ತಿರ ಬಂತು.

ರೂತವ್ವ ಅವನ ಮುಂದೆ ನಿಂತು, ನನ್ನ ಮದುವೆ ಸೀರೆಯ ನೂಲಿಗೆ ನಿನ್ನ ಅಜ್ಜನೇ ಬಣ್ಣ ಹಾಕಿದ್ದ ಎಂದಳು. ದುರ್ಗೇಶ ಕಾಲಿಗೆ ಬೀಳಲು ಬಾಗಿದ. ಆಕೆ ಕೋಲು ಅಡ್ಡ ಹಿಡಿದಳು.

“ಸಿಟ್ಟು ಇನ್ನೂ ಐತಿ ತಮ್ಮಾ. ಕಾಲು ಬಿಡು, ಕೈ ಕೊಡು.”

ಮೂರನೆಯ ಕಿಟಕಿಯ ಕೆಳಗೆ ಅವನ ಅಂಗೈ ಬಿಡಿಸಿ, ಮಗ್ಗದಲ್ಲಿ ಸವೆದ ಒರಟು ಬೆರಳಿನಿಂದ ಗೆರೆ ಎಳೆದಳು. ಇಲ್ಲಿ ಎದೆ, ಇಲ್ಲಿ ಗಾಯ, ಇಲ್ಲಿಂದ ಕೆಂಪು ಸುರು, ಮೊದಲು ದಾರದಷ್ಟು, ಇಲ್ಲಿ ಎರಡು ಕವಲು, ಇಲ್ಲಿ ಬಟ್ಟಲು. ಬಟ್ಟಲು ತುಂಬಿಲ್ಲ ನೋಡು, ಎಷ್ಟು ಬಿದ್ದರೂ ತುಂಬುವುದಿಲ್ಲ ಎಂದಳು. ದುರ್ಗೇಶ ಗಾಜು ನೋಡಿದ, ಹುಣಸೆಹಣ್ಣಿನ ಬಣ್ಣವೇ ಕಂಡಿತು. ಅಂಗೈಯನ್ನು ಹಾಗೆಯೇ ಬಿಚ್ಚಿ ಹಿಡಿದುಕೊಂಡು ಗವಾಯಿಗಳ ಹತ್ತಿರ ಹೋದ, ಅವರ ಅಂಗೈಯ ಮೇಲೆ ಗೆರೆ ಗೆರೆಯನ್ನೂ ಆಕೆ ಎಳೆದಂತೆಯೇ ಎಳೆದ. ತನ್ನದೆಂದು ಒಂದನ್ನೂ ಸೇರಿಸಲಿಲ್ಲ.

ಬಿಸಿಲು ಇಳಿಯುತ್ತಿತ್ತು. ಗವಾಯಿಗಳು ಮಾರವಾ ಹಿಡಿದರು, ಅದು ಸೂರ್ಯ ಮುಳುಗುವ ಹೊತ್ತಿನ ರಾಗ, ಮೂಲಸ್ವರವಾದ ಷಡ್ಜದ ಮನೆಗೆ ಬೇಗ ಬಾರದ ರಾಗ. ಹಾರ್ಮೋನಿಯಂ ಜೊತೆ ಈ ಸಲ ದನಿಯನ್ನೂ ಸೇರಿಸಿದರು. ದಾರದಷ್ಟು ಸಣ್ಣಗೆ ಸುರುವಾದ ದನಿ ಇಳಿಯುತ್ತ ಬಂದು ಷಡ್ಜಕ್ಕೆ ತಾಗಿದ ಕೋಮಲ ರಿಷಭದಲ್ಲಿ ನಿಂತಿತು, ಅಲ್ಲಿ ಎರಡಾಗಿ ಕವಲೊಡೆಯಿತು, ಇನ್ನೇನು ಷಡ್ಜಕ್ಕೆ ಬಿದ್ದೇಬಿಟ್ಟಿತು ಎನ್ನುವಾಗ ಬೀಳದೆ ಮತ್ತೆ ಮೇಲಿನಿಂದ ಸುರುವಾಯಿತು. ಬೆಂಚಿನಲ್ಲಿ ರೂತವ್ವ ಕುಳಿತಿದ್ದಳು, ಗಾಜಿನ ಬೆಳಕು ಅವಳ ಮಡಿಲಲ್ಲಿತ್ತು. ಆಕೆ ಎದ್ದು ಹೋಗಲಿಲ್ಲ. ವಿಲಂಬಿತದ ನಿಧಾನ ಲಯದಲ್ಲಿ ತಾಳದ ಠೇಕಾ ಹಿಡಿದಿದ್ದ ದುರ್ಗೇಶ ತಲೆಯೆತ್ತಿ ಕಿಟಕಿ ನೋಡಿದ. ದನಿ ಗಾಯದ ಹತ್ತಿರ ಬಂದಾಗ ಅವನ ಕಣ್ಣೂ ಗಾಯದ ಹತ್ತಿರ ಇತ್ತು, ದನಿಯ ಜೊತೆಗೇ ಇಳಿಯಿತು. ಕೆಂಪು ಎಲ್ಲಿ ಸುರುವಾಗುತ್ತದೆ, ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಬಟ್ಟಲಿಗೆ ಬೀಳುತ್ತದೆ ಎಂದು ಮೂವತ್ತಾರು ವರ್ಷದಲ್ಲಿ ಮೊದಲ ಸಲ ಅವನಿಗೆ ಅಂದಾಜಿಲ್ಲದೆ ತಿಳಿಯಿತು.

ತಾಳ ಸುತ್ತಿ ಬಂದು ಗವಾಯಿಗಳು ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದಾಗ ತಬಲಾ ಅಲ್ಲಿರಲಿಲ್ಲ. ಅವನು ಒಂದು ಮಾತ್ರೆ ಹಿಂದೆ ಉಳಿದಿದ್ದ. ಹನ್ನೊಂದು ವರ್ಷದಲ್ಲಿ ಹೀಗೆ ತಪ್ಪಿದಾಗಲೆಲ್ಲ ಒಂದೇ ತುಂಡನ್ನು ಮೂರು ಸಲ ತಿಹಾಯಿಯಾಗಿ ಬಾರಿಸಿ, ಬೇಕೆಂದೇ ಮಾಡಿದಂತೆ ಮುಚ್ಚಿಬಿಡುವುದು ಅವನಿಗೆ ರೂಢಿ. ಈಗ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ, ಎಲ್ಲರ ಎದುರು ತಪ್ಪಿದವನಾಗಿ ಸುಮ್ಮನೆ ಕುಳಿತ. ಗವಾಯಿಗಳು ಹಾಡು ನಿಲ್ಲಿಸಲಿಲ್ಲ. ಬಲಗೈಯನ್ನು ಹಾರ್ಮೋನಿಯಂನಿಂದ ತೆಗೆದು ಅವನ ಎಡಭುಜ ಹುಡುಕಿ, ಮುಂದಿನ ಸಮ ಎಲ್ಲಿದೆ ಎಂದು ಬೆರಳಿನಿಂದ ತಟ್ಟಿ ಹೇಳಿದರು.